ಗಂಡು ಜಿರಳೆಯ ರೆಕ್ಕೆ

ರಾಜಸ್ಥಾನದ ಕೋಟಾದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಮುಗಿದ ಸಂಜೆಯೇ ಪ್ರತಿ ಕೋಚಿಂಗ್ ಕೇಂದ್ರವೂ ತನ್ನ ಲೆಕ್ಕದ ಸರಿಯುತ್ತರಗಳನ್ನು ಗೇಟಿಗೆ ಅಂಟಿಸಬೇಕು. ಸರ್ಕಾರದ ಉತ್ತರ ಬರುವವರೆಗೆ ಕಾಯುವ ತಾಳ್ಮೆ ಇಲ್ಲಿನ ಯಾವ ಅಪ್ಪ ಅಮ್ಮನಿಗೂ ಇಲ್ಲ. ಈ ಸಲ ಗಂಡು ಜಿರಳೆಯ ರೆಕ್ಕೆ ಎಷ್ಟುದ್ದ ಎಂಬ ಪ್ರಶ್ನೆಗೆ, ಎಂದಿನಂತೆ ಕೊಟ್ಟಿದ್ದ ನಾಲ್ಕು ಆಯ್ಕೆಗಳಲ್ಲಿ, ನಮ್ಮ ಗೇಟು ‘ಬಿ’ ಎಂದಿತು, ಎದುರಿನ ಗೇಟು ‘ಸಿ’ ಎಂದಿತು. ನಾನು ಭೌತಶಾಸ್ತ್ರ ಕಲಿಸುವವನು, ಜಿರಳೆಯ ಗೊಡವೆ ನನಗೆ ಬೇಡ. ಆದರೆ ಎರಡೂ ಕಡೆಯ ಜೀವಶಾಸ್ತ್ರದ ಮೇಷ್ಟ್ರುಗಳು ನಾನು ಕೂತಿದ್ದ ಕಚೋರಿ ಅಂಗಡಿಯಲ್ಲೇ ಎದುರುಬದುರಾದರು.

“ಗಂಡಿನ ರೆಕ್ಕೆ ಹೊಟ್ಟೆ ದಾಟಿ ಆಚೆ ಬರುತ್ತೆ ಕಣ್ರೀ, ಪುಸ್ತಕ ಓದಿ!” ಎಂದರು ನಮ್ಮ ಭಾಟಿ.

“ಯಾವ ಕಾಲದ ಪುಸ್ತಕ ಭಾಟಿ ಸಾಹೇಬ್ರೇ? ಹೊಸದರಲ್ಲಿ ಆ ಸಾಲೇ ಇಲ್ಲ!” ಎಂದರು ಎದುರಿನ ಪಾರೀಕ್.

ಪರೀಕ್ಷೆ ಬರೆದು ಬಂದಿದ್ದ ಸುಗನಾ ಎಂಬ ಹುಡುಗಿಗೆ ಸಾಕಾಯಿತು. ಅಂಗಡಿಯ ಒಲೆಯ ಹಿಂದೆ ಸತ್ತು ಬಿದ್ದಿದ್ದ ಜಿರಳೆಯೊಂದನ್ನು ದೊನ್ನೆಯಲ್ಲಿ ತಂದು ಅವರ ಮುಂದಿಟ್ಟಳು. ನಾನು ಕಚೋರಿಯನ್ನು ಕೆಳಗಿಟ್ಟೆ.

“ಕಣ್ಣಾರೆ ನೋಡಿಬಿಡಿ ಸರ್. ಮೊದಲು ಇದು ಗಂಡೋ ಹೆಣ್ಣೋ ಹೇಳಿ.”

ಇಬ್ಬರೂ ಬಗ್ಗಿದರು. ಭಾಟಿ ಕನ್ನಡಕ ತೆಗೆದರು, ಪಾರೀಕ್ ಹಾಕಿಕೊಂಡರು. ಇವರಿಬ್ಬರೂ ಬೋರ್ಡಿನ ಮೇಲೆ ಬಿಡಿಸಿದ ಜಿರಳೆಗಳಿಗೆ ಲೆಕ್ಕವಿಲ್ಲ. ಆದರೆ ಆ ಜಿರಳೆಗಳ ಕೆಳಗೆಲ್ಲ ಗಂಡು, ಹೆಣ್ಣು ಎಂದು ಬರೆದಿರುತ್ತಿತ್ತು.

ಕೊನೆಗೆ ಇಬ್ಬರೂ ಒಂದಾಗಿ ಹುಡುಗಿಯ ಮೇಲೆ ರೇಗಿದರು.

“ಗಂಡು, ಹೆಣ್ಣು, ಎರಡೇ ಆಯ್ಕೆ ಕೊಟ್ಟರೆ ಹೇಗಮ್ಮಾ? ಇನ್ನೆರಡು ಎಲ್ಲಿ?”