ಹಿಡಿದವರ ಕೈಗೆ ಸೀಮೆಸುಣ್ಣ

"ಓರೆ ಮಾಡಿ, ಇನ್ನೂ ಸ್ವಲ್ಪ ಓರೆ ಮಾಡಿ," ಎನ್ನುತ್ತ ಇಬ್ಬರು ದೊಡ್ಡದೊಂದು ಟಿ.ವಿ.ಯನ್ನು ಬಾಗಿಲಲ್ಲಿ ತೂರಿಸಲು ಹೆಣಗುತ್ತಿದ್ದರು. ಮಗಳು ಹೊಸ್ತಿಲಿಗೆ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ನಡುಮನೆಯಲ್ಲಿ ಅಮ್ಮನ ಹೆಣ ಮಲಗಿತ್ತು.

"ಏನ್ ಸರ್ ಇದು?"

"ಎರಡೇ ನಿಮಿಷದ ವಿಡಿಯೊ ಅಮ್ಮಾ," ಎಂದರು ಹಿಂದೆ ನಿಂತಿದ್ದ ಹೆಡ್ಮಾಸ್ಟರು. "ಶಾಲೆ ಕಡೆಯಿಂದ ಶ್ರದ್ಧಾಂಜಲಿ. ನಿಮ್ಮ ತಾಯಿಯವರ ಪಾಠಗಳಿಂದಲೇ ಮಾಡಿಸಿದ್ದೀವಿ."

"ಯಾವ ಪಾಠ? ತಪ್ಪು ತಪ್ಪು ಅಂತ ಪಟ್ಟಿ ಮಾಡಿ ಮನೆಗೆ ಕಳಿಸಿದ್ರಲ್ಲ, ಆ ಪಾಠಾನಾ?"

"ಈಗ್ಯಾಕಮ್ಮ ಅದೆಲ್ಲ..."

"ಈಗಲ್ದೆ ಇನ್ಯಾವಾಗ?"

ಚಿಕ್ಕಮ್ಮ ಬಂದು ಅವಳ ಮೊಣಕೈ ಹಿಡಿದೆಳೆದಳು. "ರಂಪ ಮಾಡ್ಬೇಡ ಕಣೇ. ಜನ ನೋಡ್ತಿದಾರೆ."

ಜನ ನೋಡುತ್ತಿದ್ದುದು ನಿಜ. ಅಂಗಳ ತುಂಬಿ, ಮೆಟ್ಟಿಲು ತುಂಬಿ, ಬೀದಿಯವರೆಗೂ ನಿಂತಿದ್ದರು. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಇಷ್ಟು ಜನ ಬರುತ್ತಾರೆಂದು ಮಗಳು ಎಣಿಸಿರಲಿಲ್ಲ. ಅವಳು ಓದಿದ್ದು ಬೇರೆ ಶಾಲೆಯಲ್ಲಿ. ತಾಯಿಯ ತರಗತಿಯಲ್ಲಿ ಮಗಳು ಕೂರಬಾರದೆಂದು ಅಮ್ಮನದೇ ಹಠ. ಹಾಗಾಗಿ ಬೋರ್ಡಿನ ಮುಂದೆ ನಿಂತ ಅಮ್ಮನನ್ನು ಅವಳು ಒಮ್ಮೆಯೂ ಕಂಡವಳಲ್ಲ.

ಅವಳು ದಾರಿ ಬಿಟ್ಟಳು. ಮನಸ್ಸು ಬಿಡಲಿಲ್ಲ.

*

ಹೋದ ವರ್ಷ ಶಾಲೆಯ ಕಪ್ಪುಹಲಗೆಗಳನ್ನೆಲ್ಲ ಕಿತ್ತು, ಮುಟ್ಟಿದರೆ ಬೆಳಗುವ ಹೊಸ ಬೋರ್ಡುಗಳನ್ನು ಹಾಕಿಸಿದ್ದರು. ಮಕ್ಕಳ ಕೈಗೊಂದೊಂದು ಟ್ಯಾಬ್ಲೆಟ್. ಪಾಠವೆಲ್ಲ ಅದರಲ್ಲೇ, ಟೀಚರಾದವರು ಹಿಂದಿನ ಬೆಂಚಿನ ಬಳಿ ನಿಂತು, ಯಾರ ಚಾರ್ಜು ಮುಗಿಯಿತೆಂದು ನೋಡಿದರಾಯಿತು. ಅದಕ್ಕೆ ಮೊದಲು ಪ್ರತಿಯೊಬ್ಬರೂ ಅರವತ್ತು ಪಾಠ ರೆಕಾರ್ಡು ಮಾಡಿಕೊಡಬೇಕು.

ಕೆಲಸಕ್ಕೆ ಬಾರದ ಹಳೆಯ ಹಲಗೆಯೊಂದನ್ನು ಲ್ಯಾಬಿನ ಮೂಲೆಗೆ ನಿಲ್ಲಿಸಿ, ಅಮ್ಮ ಅದರ ಮೇಲೇ ಬರೆದು ಪಾಠ ಮಾಡಿದಳು. ಎದುರಿಗೆ ಮಕ್ಕಳಿಲ್ಲ. ಒಂದು ಕ್ಯಾಮೆರಾ, ಅದರ ಹಿಂದೆ ಆಕಳಿಸುವ ಕಂಪ್ಯೂಟರ್ ಮೇಷ್ಟ್ರು. ಮೂರು ತಿಂಗಳಿಗೆ ಹೆಡ್ಮಾಸ್ಟರ ಪತ್ರ ಬಂತು. ಹನ್ನೊಂದು ಪಾಠಗಳಲ್ಲಿ ಲೆಕ್ಕ ತಪ್ಪಿದೆ. ವಯೋಸಹಜ ಮರೆವಿನ ಕಾರಣ ತಮ್ಮನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.

"ಮರೆವೂ ಇಲ್ಲ, ಮಣ್ಣೂ ಇಲ್ಲ," ಎಂದಿದ್ದಳು ಅಮ್ಮ. "ನಾನು ಬೇಕಂತ್ಲೇ ತಪ್ಪು ಬರೀತೀನಿ ಕಣೆ. ಮಕ್ಕಳು ಹಿಡೀಬೇಕು. ಹಿಡಿಯೋವರೆಗೂ ಕಾಯ್ತೀನಿ. ಆ ಕಂಪ್ಯೂಟರ್ನೋನು ನಾನು ಕಾಯೋದನ್ನೂ ಕತ್ತರಿಸಿದಾನೆ, ಆಮೇಲೆ ತಿದ್ದಿದ್ದನ್ನೂ ಕತ್ತರಿಸಿದಾನೆ."

ಮಗಳು ನಂಬಲಿಲ್ಲ. ಅವಳ ಕೆಲಸ ಔಷಧಿ ಅಂಗಡಿಯ ಕೌಂಟರಿನಲ್ಲಿ. ಮರೆವಿಗೆ ಮಾತ್ರೆ ಒಯ್ಯುವ ಮುದುಕರೆಲ್ಲ ಹೀಗೇ ಏನಾದರೊಂದು ನೆಪ ಹೇಳುವುದನ್ನು ಕೇಳಿದ್ದಳು. ಅಮ್ಮನನ್ನು ಡಾಕ್ಟರ ಬಳಿ ಎಳೆದೊಯ್ದಳು.

"ನೂರರಲ್ಲಿ ಏಳು ಕಳೆದ್ರೆ ಎಷ್ಟಮ್ಮಾ?" ಎಂದರು ಡಾಕ್ಟರು.

"ತೊಂಬತ್ತೆರಡು," ಎಂದು ಅಮ್ಮ ಅವರ ಮುಖವನ್ನೇ ನೋಡುತ್ತ ನಕ್ಕಳು. ಡಾಕ್ಟರು ತಿದ್ದದೆ ಏನೋ ಬರೆದುಕೊಂಡರು.

ಆಟೊದಲ್ಲಿ ಬರುವಾಗ ಅಮ್ಮ, "ನಿನ್ನ ಡಾಕ್ಟ್ರೂ ಹಿಡೀಲಿಲ್ಲ ನೋಡೆ," ಎಂದಳು.

"ಸಾಕು ಮಾಡಮ್ಮ!" ಮಗಳು ಸಿಡಿದಳು. "ತಪ್ಪು ಮುಚ್ಚಿಕೊಳ್ಳೋಕೆ ಎಷ್ಟು ಕಥೆ ಕಟ್ತೀಯ? ನನಗೇ ನಾಚಿಕೆ ಆಗುತ್ತೆ."

ಅಮ್ಮ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮಗಳು ಅಂಗಡಿಯಿಂದ ತಂದ ಮಾತ್ರೆಯನ್ನು ದಿನಾ ಎರಡು ಹೊತ್ತು ನುಂಗಿದಳು. ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತಲ್ಲೇ ಅಮ್ಮನ ಎದೆಬಡಿತ ನಿಂತಿತ್ತು.

*

ಕಂಪ್ಯೂಟರ್ ಮೇಷ್ಟ್ರು ಟಿ.ವಿ.ಗೆ ಲ್ಯಾಪ್‌ಟಾಪ್ ಸಿಕ್ಕಿಸಿದರು. "ಟೀಚರ್ ನಗ್ತಾ ಇರೋದನ್ನೇ ಹುಡುಕಿ ಹುಡುಕಿ ಹಾಕಿದ್ದೀನಿ," ಎಂದು ತಾವೇ ಹೇಳಿಕೊಂಡರು.

ಪರದೆಯ ಮೇಲೆ ಅಮ್ಮ ಬಂದಳು. ಹಲಗೆಯ ಮೇಲೆ ಏಳು, ಗುಣಾಕಾರದ ಗುರುತು, ಎಂಟು ಬರೆದಳು. "ಏಳೆಂಟ್ಲ ಐವತ್ತನಾಲ್ಕು," ಎಂದು ಅದನ್ನೂ ಬರೆದು, ತಿರುಗಿ, ಮುಖವರಳಿಸಿ ನಕ್ಕಳು.

ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಪಾಪಿಗಳು! ಪ್ಲಗ್ ಕಿತ್ತೆಸೆಯಲು ಮಗಳು ಬಗ್ಗಿದಳು.

"ತಪ್ಪು ಟೀಚರ್!"

ಕೂಗಿದವನು ಬಾಗಿಲಲ್ಲಿ ನಿಂತಿದ್ದ ಹೆಣದ ಗಾಡಿಯ ಡ್ರೈವರು. ಕೈ ಮೇಲೆತ್ತಿದ್ದ. ಅವನ ಮಾತು ಮುಗಿಯುವುದರೊಳಗೆ ಅಂಗಳದಿಂದ ಲೈನ್‌ಮ್ಯಾನು, ಮೆಟ್ಟಿಲಿನಿಂದ ಬಸುರಿ ನರ್ಸು, ಗೇಟಿನಿಂದ ತರಕಾರಿಯವನು, "ತಪ್ಪು ಟೀಚರ್, ತಪ್ಪು!" ಎಂದರು. ನರೆತ ತಲೆಗಳ ಮೇಲೆಲ್ಲ ಕೈಗಳೆದ್ದವು. ಅಷ್ಟು ಜನ ಒಟ್ಟಿಗೆ ನಕ್ಕು, ನಕ್ಕಿದ್ದಕ್ಕೆ ತಾವೇ ಬೆಚ್ಚಿ ಅತ್ತರು.

ಹೆಡ್ಮಾಸ್ಟರು ಕಂಪ್ಯೂಟರ್ ಮೇಷ್ಟ್ರ ಕಿವಿಯಲ್ಲಿ, "ಇದು ಆ ಹನ್ನೊಂದು ತಪ್ಪು ಪಾಠದಲ್ಲಿ ಇರಲಿಲ್ವಲ್ರೀ," ಎಂದರು.

"ನೀವೂ ಹಿಡೀಲಿಲ್ವಾ ಸರ್?" ಡ್ರೈವರು ಕಣ್ಣೊರೆಸಿಕೊಂಡ. "ದಿನಕ್ಕೊಂದು ತಪ್ಪು ಅವರದು. ಯಾರು ಹಿಡೀತಾರೋ ಅವರ ಕೈಗೆ ಸೀಮೆಸುಣ್ಣ. ಬೋರ್ಡ್ ಹತ್ರ ಹೋಗಿ ಟೀಚರ್ ಲೆಕ್ಕಾನ ನಾವು ತಿದ್ದಬೇಕು. ಆ ಒಂದು ಸುಣ್ಣಕ್ಕೋಸ್ಕರ ನಾನು ಮಗ್ಗಿ ಕಲಿತೋನು."

ಮಗಳು ನಿಧಾನವಾಗಿ ನೆಟ್ಟಗಾದಳು. "ಕತ್ತರಿಸದೇ ಇರೋದಿದೆಯಾ ನಿಮ್ಮ ಹತ್ರ?"

ಕಂಪ್ಯೂಟರ್ ಮೇಷ್ಟ್ರು ಹೆಡ್ಮಾಸ್ಟರ ಮುಖ ನೋಡಿದರು.

"ಅವರನ್ನೇನ್ ನೋಡ್ತೀರಿ? ಹಾಕ್ರೀ!"

ಹಾಕಿದರು. ಐವತ್ತನಾಲ್ಕು ಬರೆದು ಅಮ್ಮ ತಿರುಗಿದಳು. ನಕ್ಕಳು. ಈ ಸಲ ಚಿತ್ರ ಮುಂದಕ್ಕೆ ಹಾರಲಿಲ್ಲ. ಅವಳು ಸೀಮೆಸುಣ್ಣ ಹಿಡಿದ ಕೈಯನ್ನು ಯಾರಿಗೋ ಕೊಡುವವಳಂತೆ ಖಾಲಿ ಕೋಣೆಗೆ ಚಾಚಿ ನಿಂತಳು. ಫ್ಯಾನಿನ ಸದ್ದು ಕೇಳುತ್ತಿತ್ತು. ನಗು ಸಣ್ಣಗಾಯಿತು, ಕೈ ಮಾತ್ರ ಇಳಿಯಲಿಲ್ಲ.

ಹೆಣದ ಪಕ್ಕದಲ್ಲಿ ನಿಂತು, ಮಗಳು ಮೆಲ್ಲಗೆ ತನ್ನ ಬಲಗೈ ಮೇಲೆತ್ತಿದಳು.