ಹದಿನೇಳನೆಯ ಸಾಲು

ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಶೈಲಾ ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಟೊಮೆಟೊ ಹೂವಿಗೆ ಪರಾಗ ಮುಟ್ಟಿಸುವ ಹೆಂಗಸರು ತಾವು ಮುಗಿಸಿದ ಸಾಲನ್ನು ಹೊಲದಿಂದಲೇ ಅದರಲ್ಲಿ ದಾಖಲು ಮಾಡಬೇಕು. ಒಮ್ಮೆ ಲಾಗಿನ್ ಆದರೆ ಫೋನಿಗೊಂದು ಗುರುತಿನ ಚೀಟಿ ಸಿಕ್ಕ ಹಾಗೆ. ಮುಂದೆ ಪ್ರತಿ ಸಲವೂ ಫೋನು ಅದನ್ನೇ ತೋರಿಸುತ್ತದೆ, ಸೈಟು ನಂಬುತ್ತದೆ. ಮೊದಲು ಆ ಚೀಟಿಯ ಆಯುಷ್ಯ ಕಾಲು ತಾಸು. ಗಿಡದ ಅಂಟು ಮೆತ್ತಿದ ಕೈಯಲ್ಲಿ ಸಾಲಿಗೊಮ್ಮೆ ಪಾಸ್‌ವರ್ಡ್ ಒತ್ತುವುದು ಯಾರಿಗೆ ಆದೀತು? ಬೈಸಿಕೊಂಡು ಸಾಕಾಗಿ ಶೈಲಾ ಆಯುಷ್ಯವನ್ನು ಎರಡು ತಿಂಗಳಿಗೆ ಎಳೆದಳು. ಬೈಗುಳ ನಿಂತವು.

ಹಂಗಾಮು ಮುಗಿದು ಬೀಜದ ಪರೀಕ್ಷೆಯಾದಾಗ ಮೇಡ್ಲೇರಿ ಊರಿನ ಹೊಲದ ಹದಿನೇಳನೆಯ ಸಾಲು ಬೆರಕೆ ಬಂತು, ಅಂದರೆ ಪರಾಗ ಮುಟ್ಟಿಸುವಾಗ ಯಾರದೋ ಕೈ ತಪ್ಪಿತ್ತು. ಅದರ ಮುಂದೆ ಜೈತೂನಬಿಯ ಹೆಸರಿತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳನ್ನು ಇನ್ನು ಕರೆಯುವುದಿಲ್ಲ ಎಂದು ಮ್ಯಾನೇಜರ್ ರುದ್ರಮುನಿ ಹೇಳಿಬಿಟ್ಟ.

ಶೈಲಾ ಬಸ್ಸು ಹಿಡಿದು ಮೇಡ್ಲೇರಿಗೆ ಹೋದಳು. ಜೈತೂನಬಿ ಬದುವಿನ ಮೇಲೆ ಅದೇ ಹೊಲದಲ್ಲಿ ದುಡಿದಿದ್ದ ಗೆಳತಿ ಗದಿಗೆವ್ವನ ಜೊತೆ ರೊಟ್ಟಿ ತಿನ್ನುತ್ತಿದ್ದಳು.

“ಖರೇ ಹೇಳ್ರಿ ಜೈತೂನಮ್ಮಾ, ಆ ಸಾಲು ನೀವ ಮಾಡಿದ್ರೇನು?”

“ಫೋನು ಹಂಗ ಅಂತೈತಲ್ಲ.”

“ಫೋನು ಯಾರ್ಯಾರ ಕೈಯಾಗ ಇತ್ತು?”

“ನಾಕು ಮಂದಿಗೆ ಅದೊಂದ ಫೋನು. ಯಾರ ಸಾಲು ಮುಗೀತೋ ಅವರು ಒತ್ತೂದು, ಹೆಸರು ನಂದ ಬೀಳೂದು. ಯಾರು ಅಂತ ಫೋನು ಕೇಳೂದನ್ನ ನೀನ ಬಿಡಿಸಿದಿ. ಅವತ್ತ ನಿನಗ ಶೇಂಗಾ ಹೋಳಗಿ ಕೊಟ್ಟಿದ್ವಿ, ಮರತಿ?”

ಗದಿಗೆವ್ವ ತಿನ್ನುವುದನ್ನು ನಿಲ್ಲಿಸಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಯ ತನಕ ಪಲ್ಯವನ್ನೂ ತಡವಿ ತಡವಿ ತೆಗೆದುಕೊಳ್ಳುತ್ತಿದ್ದಳು. ಜೈತೂನಬಿ ಬಟ್ಟಲನ್ನು ಅವಳ ಕೈಗೆ ತಾಗುವಂತೆ ಸರಿಸಿದಳು.

“ನನ್ನ ಹೆಸರ ಇರ್ಲಿ ಬಿಡವ್ವ. ಅದನ್ನ ಅಳಿಸಿದ್ರ ಮತ್ತೊಬ್ಬಾಕಿದು ಬರೀಬೇಕಾಕ್ಕೈತಿ.”

ಶೈಲಾ ಗದಿಗೆವ್ವನ ಕಣ್ಣುಗಳನ್ನೊಮ್ಮೆ ನೋಡಿ ಎದ್ದಳು. ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಇಳಿದವಳೇ ಸೀದಾ ರುದ್ರಮುನಿಯ ಮೇಜಿನ ಮುಂದೆ ನಿಂತಳು.

“ಆ ಸಾಲು ಯಾರದಂತ ನನ್ನ ಸೈಟಿಗೆ ಗೊತ್ತಿಲ್ಲರಿ ಸರ್. ಒಂದು ಫೋನು ನಾಕು ಮಂದಿ ಹಿಡೀತಾರ ಅನ್ನೂದು ನನ್ನ ತಲ್ಯಾಗ ಬರಲಿಲ್ಲ. ತಪ್ಪು ನಂದು.”

“ಉಳಿದ ಸಾಲು?”

“ಅವೂ ಗೊತ್ತಿಲ್ಲರಿ.”

“ಇಡೀ ಹಂಗಾಮಿಂದು?”

“ಹೂಂ ರಿ.”

ರುದ್ರಮುನಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. “ಹಂಗಾದ್ರ ಮುಂದಿನ ಸಲ ನಿನ್ನ ಸೈಟೂ ಬ್ಯಾಡ, ನೀನೂ ಬ್ಯಾಡ. ಮೇಲಿನವರಿಗೆ ಹಂಗ ಹೇಳಬೇಕಾಕ್ಕೈತಿ ನಾನು.”

ಈ ಮಾತು ಬರುತ್ತದೆಂದು ಅವಳು ಬಸ್ಸಿನಲ್ಲೇ ಎಣಿಸಿಯಾಗಿತ್ತು.

“ಹೇಳ್ರಿ. ಆದ್ರ ಮೊದಲ ಜೈತೂನಮ್ಮನ ಹೆಸರು ತಿರುಗಿ ಬರ್ಕೊಳ್ರಿ.”

ಅವನು ಮುಂದಿನ ಹಂಗಾಮಿನ ಕೆಲಸದವರ ಪಟ್ಟಿ ಎಳೆದುಕೊಂಡ. ಜೈತೂನಬಿಯ ಹೆಸರು ಬರೆದು ಮುಗಿಸುವ ತನಕ ಶೈಲಾ ನಿಂತೇ ಇದ್ದಳು.