ಮೋಟರಿಗೆ ಸೋಮವಾರದ ರಜೆ

ಕಡೂರಿನಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ತನುಜಾ, ತಾನೇ ಕಟ್ಟಿದ ಮೊದಲ ಪೆಟ್ಟಿಗೆಯನ್ನು ಬುಕ್ಕಾಂಬುಧಿಯ ಷಣ್ಮುಖಪ್ಪನವರ ಬೋರ್‌ವೆಲ್ಲಿಗೆ ಕೂರಿಸಿದ್ದಳು. ಯಾವ ಪೈಪಿಗೆ ಯಾವಾಗ ನೀರು ಬಿಡಬೇಕೆಂದು ಪೆಟ್ಟಿಗೆಯೇ ನೋಡಿಕೊಳ್ಳುತ್ತಿತ್ತು. ಅವರು ಒಪ್ಪಿದರೆ ಸುತ್ತಿನವರೂ ಒಪ್ಪುತ್ತಾರೆ; ವಾಪಸ್ ಕಳಿಸಿದರೆ ಇನ್ನು ಯಾರೂ ಮೂಸಿ ನೋಡುವುದಿಲ್ಲ.

ಷಣ್ಮುಖಪ್ಪನವರಿಗೋ ದಿನಕ್ಕೊಂದು ಹೊಸ ಯೋಚನೆ. ಪ್ರತಿ ಸಲವೂ ಅವಳು ಇಡೀ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಲ್ಯಾಪ್‌ಟಾಪ್ ಹೊತ್ತು ಬಸ್ಸು ಹತ್ತಬೇಕಿತ್ತು. ಕಂಪೈಲ್ ಆದದ್ದು ಸುಟ್ಟ ಇಟ್ಟಿಗೆ, ಆಮೇಲೆ ತಿದ್ದಲು ಬರುವುದಿಲ್ಲ. ಕೊನೆಗೆ ಆ ಇಟ್ಟಿಗೆಯ ಹೊಟ್ಟೆಯೊಳಗೇ ಸ್ಕ್ರಿಪ್ಟ್, ಎಂದರೆ ಬೇಕೆಂದಾಗ ಬದಲಿಸಬಹುದಾದ ಸೂಚನೆಯ ಸಾಲುಗಳನ್ನು, ಓದಿ ನಡೆಸುವ ಪುಟ್ಟ ಭಾಗವೊಂದನ್ನು ಕೂರಿಸಿದಳು. ಮೋಟರ್ ಸುಡದಂತೆ ಕಾಯುವುದು ಇಟ್ಟಿಗೆಯ ಕೆಲಸ. ಎಂದು, ಎಲ್ಲಿಗೆ ನೀರು ಎಂಬುದು ಹಸಿ ಮಣ್ಣಿನಂಥ ಸ್ಕ್ರಿಪ್ಟಿನದು. ಕಡೂರಿನಿಂದಲೇ ಇಂಟರ್ನೆಟ್ಟಿನಲ್ಲಿ ನಾಲ್ಕು ಸಾಲು ಕಳಿಸಿದರಾಯಿತು.

"ಹಂಗಾರೆ ಸೋಮವಾರ ರಜೆ ಹಾಕವ್ವಾ," ಎಂದರು ಷಣ್ಮುಖಪ್ಪ. "ಅವತ್ತು ಎತ್ತಿನ ಹೆಗಲಿಗೆ ನೊಗ ಇಡಲ್ಲ ನಾವು. ಮೋಟ್ರು ಏನ್ ಪಾಪ ಮಾಡೈತೆ?"

ತನುಜಾ ನಗುತ್ತಲೇ ಬರೆದು ಕಳಿಸಿದಳು: ಸೋಮವಾರ ಎಲ್ಲ ವಾಲ್ವೂ ಬಂದ್.

ಸೋಮವಾರ ಮಧ್ಯಾಹ್ನವೇ ಅವರ ಫೋನು ಬಂತು. ಹಿಂದೆ ಎತ್ತುಗಳ ಅರಚಾಟ.

"ಏನಮ್ಮಾ! ದನದ ತೊಟ್ಟಿ ಒಣಗೈತೆ! ಎತ್ತಿಗೆ ರಜೆ ಅಂದ್ರೆ ಕುಡಿಯೋ ನೀರಿಗೂ ರಜೇನಾ? ಸಂಜೆ ಬಸ್ಸಿಗೆ ನಿನ್ ಪೆಟ್ಟಿಗೆ ವಾಪಸ್ ಬತ್ತೈತೆ ನೋಡು!"

"ರಜೆ ಕೇಳ್ದೋರು ನೀವು, ಆ ಹುಡುಗಿ ಮೇಲ್ಯಾಕ್ರೀ ಹಾರಾಡ್ತೀರ?" ಹಿಂದಿನಿಂದ ಹೆಂಡತಿ ಮಲ್ಲಿಕಾಂಬ ಕೂಗಿದರು. "ಬಿಂದಿಗೆ ಹೊತ್ತೂ ಹೊತ್ತೂ ನನ್ ಸೊಂಟ ಹೋಯ್ತು!"

"ಫೋನ್ ಇಡ್ಬೇಡಿ ಯಜಮಾನ್ರೇ, ಒಂದ್ ಚೂರು ತಡೀರಿ."

ತೊಟ್ಟಿಯ ವಾಲ್ವಿಗೆ ರಜೆಯಿಲ್ಲ ಎಂದು ಒಂದು ಸಾಲು ಸೇರಿಸಿ ಕಳಿಸಿದಳು. ಅವಸರದಲ್ಲಿ ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ. ಪುಣ್ಯಕ್ಕೆ ಇಟ್ಟಿಗೆ ಅಲುಗಲಿಲ್ಲ. ತಪ್ಪಿದ್ದ ಸಾಲನ್ನು ಅವಳ ಲ್ಯಾಪ್‌ಟಾಪಿನಲ್ಲಿ ತೋರಿಸಿ, ಹಳೆಯ ಸ್ಕ್ರಿಪ್ಟನ್ನೇ ನಡೆಸುತ್ತ ಸುಮ್ಮನಿತ್ತು. ಚಿಹ್ನೆ ಮುಚ್ಚಿ ಮತ್ತೆ ಕಳಿಸಿದಳು.

ಫೋನಿನಲ್ಲಿ ಮೋಟರು ಗುಂಯ್ ಎಂದಿತು. ಆಮೇಲೆ ನೀರು ಬಿದ್ದ ಸದ್ದು, ಅದರ ಮೇಲೆ ಗೊರಸುಗಳ ನೂಕಾಟ.

"ಎಲ್ಲಿದೀಯವ್ವಾ ನೀನು?" ಷಣ್ಮುಖಪ್ಪನವರ ದನಿ ಇಳಿದಿತ್ತು.

"ಅಂಗಡೀಲೇ ಕಣ್ರೀ."

"ಅಲ್ಲಿಂದ್ಲೇ, ಇಷ್ಟ್ ಬೇಗ್ನೇನಾ!"

ಮಲ್ಲಿಕಾಂಬ ಫೋನು ಕಿತ್ತುಕೊಂಡರು. "ತನುಜಾ, ಸೋಮವಾರ ನಂಗೂ ಅಡಿಗೆಗೆ ರಜೆ ಅಂತ ಒಂದ್ ಸಾಲು ಬರಿ ಕಣೇ."

"ಏ, ಕೊಡೇ ಇಲ್ಲಿ!" ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡರು. "ಪೆಟ್ಟಿಗೆ ಇಲ್ಲೇ ಇರ್ಲಿ ಬಿಡು. ಪಕ್ಕದ ಹೊಲದ ರುದ್ರಮೂರ್ತಿ ಬೇಲಿ ಮೇಲೆ ಬಗ್ಗಿ ನೋಡ್ತಾವ್ನೆ, ಅವ್ನಿಗೂ ಒಂದು ಬೇಕಂತೆ."